940 ನಿಮಿಷ, ಅದೇ ಐವರು: ನಿಕ್ಸ್ ಕೋಚ್ ಮೇಲಿನ ನಮ್ಮ ಸಿಟ್ಟು ಎಲ್ಲಿರಬೇಕಿತ್ತು?

2025ರ ಮೇ 21, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಪೂರ್ವ ವಿಭಾಗದ ಫೈನಲ್) ಸರಣಿಯ ಮೊದಲ ಪಂದ್ಯ. ನಮ್ಮ ಕಡೆ ಆಗ 22ನೇ ತಾರೀಖಿನ ಬೆಳಗ್ಗೆ. ಆಟ ಮುಗಿಯೋಕೆ 2 ನಿಮಿಷ 51 ಸೆಕೆಂಡ್ ಇದೆ, ನ್ಯೂಯಾರ್ಕ್ ನಿಕ್ಸ್ 14 ಪಾಯಿಂಟ್ ಮುಂದಿದೆ. ಅಲ್ಲಿಂದ ಓವರ್‌ಟೈಮ್‌ಗೆ ಹೋಗಿ, ಇಂಡಿಯಾನಾ ಪೇಸರ್ಸ್ ಎದುರು 138-135ಕ್ಕೆ ಸೋತರು.

ಕೋಚ್ ಟಾಮ್ ತಿಬೊಡೊ ಮೇಲಿನ ಅಭಿಮಾನಿಗಳ ಸಿಟ್ಟೆಲ್ಲ ಆ ಮೂರು ನಿಮಿಷಕ್ಕೇ ಅಂಟಿಕೊಂಡಿದೆ. ನನ್ನ ಪ್ರಕಾರ ಅದು ಹುಡುಕಬೇಕಾದ ಜಾಗವೇ ಅಲ್ಲ. ಪೇಸರ್ಸ್‌ನ ಏರನ್ ನೆಸ್ಮಿತ್ ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಆರು ಥ್ರೀ (ದೂರದಿಂದ ಹೊಡೆಯೋ ಮೂರು ಪಾಯಿಂಟಿನ ಶಾಟ್) ಹಾಕಿದ. ನಿಕ್ಸ್‌ನ ಒಜಿ ಅನುನೋಬಿ, ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋನಲ್ಲಿ ಒಂದನ್ನ ತಪ್ಪಿಸಿದ. ಓವರ್‌ಟೈಮ್‌ಗೆ ಮೊದಲು ಪೇಸರ್ಸ್‌ನ ಹ್ಯಾಲಿಬರ್ಟನ್ ಎಸೆದ ಕೊನೆ ಶಾಟ್ ರಿಂಗಿಗೆ ಬಡಿದು, ಬೋರ್ಡಿನ ಮೇಲಕ್ಕೆ ಚಿಮ್ಮಿ, ಮತ್ತೆ ಒಳಗೇ ಬಿತ್ತು. ಇದನ್ನ ಯಾವ ಕೋಚೂ ಬರೆದಿಟ್ಟುಕೊಂಡು ತಡೆಯೋಕಾಗಲ್ಲ. ತಪ್ಪು ನಡೆದಿದ್ದು ಜನವರಿಯಿಂದ ಏಪ್ರಿಲ್‌ವರೆಗೆ, ಯಾರೂ ಅಷ್ಟಾಗಿ ಗಮನಿಸದ ಲೀಗ್ ಪಂದ್ಯಗಳಲ್ಲಿ.

ನಿಕ್ಸ್‌ನ ಮುಖ್ಯ ಐವರು: ಬ್ರನ್ಸನ್, ಬ್ರಿಜಸ್, ಹಾರ್ಟ್, ಅನುನೋಬಿ, ಟೌನ್ಸ್. 2024-25ರ ಲೀಗ್ ಹಂತದಲ್ಲಿ ಈ ಐವರು ಒಟ್ಟಿಗೆ ಅಂಗಳದಲ್ಲಿದ್ದಿದ್ದು 940 ನಿಮಿಷ. ಆ ವರ್ಷ ಎನ್‌ಬಿಎಯಲ್ಲಿ ಬೇರೆ ಯಾವ ಐವರೂ ಅಷ್ಟು ಹೊತ್ತು ಒಟ್ಟಿಗೆ ಆಡಲಿಲ್ಲ. ಅವರ ನೆಟ್ ರೇಟಿಂಗ್ ಸುಮಾರು 3.3. ಅಂದ್ರೆ ನೂರು ಪೊಸೆಷನ್‌ಗೆ (ಚೆಂಡು ಕೈಗೆ ಬಂದ ನೂರು ಸರದಿಗೆ) ಎದುರಾಳಿಗಿಂತ ಮೂರು ಚಿಲ್ಲರೆ ಪಾಯಿಂಟ್ ಜಾಸ್ತಿ. ಕೇಳೋಕೆ ಪರವಾಗಿಲ್ಲ ಅನ್ಸುತ್ತೆ. ಆದ್ರೆ ಇಡೀ ನಿಕ್ಸ್ ತಂಡ ಆ ವರ್ಷ ಪಂದ್ಯಕ್ಕೆ, ಅಂದ್ರೆ ಹೆಚ್ಚುಕಡಿಮೆ ನೂರು ಪೊಸೆಷನ್‌ಗೆ, ಸರಾಸರಿ ನಾಲ್ಕು ಪಾಯಿಂಟ್ ಅಂತರ ಇಟ್ಟುಕೊಂಡಿತ್ತು. ತಂಡವನ್ನ ಎತ್ತಬೇಕಾದ ಐವರೇ ತಂಡದ ಸರಾಸರಿಗಿಂತ ಕೆಳಗಿದ್ದರು. ಅದರಲ್ಲೂ ಲಾಭವೆಲ್ಲ ಬಂದಿದ್ದು ಡಿಸೆಂಬರ್‌ವರೆಗೆ.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಎನ್‌ಬಿಎ ವೆಬ್‌ಸೈಟಿನ ಸ್ಟ್ಯಾಟ್ಸ್ ವಿಭಾಗಕ್ಕೆ ಹೋಗಿ, ಲೈನಪ್ಸ್ ತೆಗೆದು, ಐದು ಜನರ ಗುಂಪು ಅಂತ ಆರಿಸಿ, ಅಡ್ವಾನ್ಸ್ಡ್ ಪುಟಕ್ಕೆ ಬನ್ನಿ. ಆಮೇಲೆ ತಾರೀಖಿನ ಫಿಲ್ಟರ್‌ನಲ್ಲಿ ಜನವರಿ 1ರಿಂದ ಅಂತ ಹಾಕಿ. ವರ್ಷಪೂರ್ತಿ ಸರಾಸರಿ ಮುಚ್ಚಿಟ್ಟಿದ್ದು ಅಲ್ಲಿ ಬಯಲಾಗುತ್ತೆ. ಒಂದು ಎಚ್ಚರಿಕೆ: ನೂರು ನಿಮಿಷಕ್ಕಿಂತ ಕಡಿಮೆ ಆಡಿದ ಗುಂಪಿನ ನೆಟ್ ರೇಟಿಂಗ್ ಇಟ್ಟುಕೊಂಡು ವಾದಕ್ಕೆ ಇಳಿಯಬೇಡಿ. ನೂರು ನಿಮಿಷ ಅಂದ್ರೆ ಹೆಚ್ಚುಕಡಿಮೆ ಇನ್ನೂರು ಪೊಸೆಷನ್. ಅಷ್ಟರಲ್ಲಿ ನಾಲ್ಕೇ ನಾಲ್ಕು ಥ್ರೀ ಬಿದ್ದರೂ ಬೀಳದಿದ್ದರೂ ಹನ್ನೆರಡು ಪಾಯಿಂಟ್ ಏರುಪೇರು, ರೇಟಿಂಗ್‌ನಲ್ಲಿ ಆರರ ವ್ಯತ್ಯಾಸ. ಆದ್ರೆ 940 ನಿಮಿಷದ ಲೆಕ್ಕವನ್ನ ಅದೃಷ್ಟದ ಆಟ ಅಂತ ತಳ್ಳಿಹಾಕೋಕಾಗಲ್ಲ.

ಹಾಗಾದ್ರೆ ಡಿಸೆಂಬರ್ ಆದಮೇಲೆ ಏನಾಯ್ತು? ಎದುರಾಳಿಗಳು ಒಂದು ಬದಲಾವಣೆ ಮಾಡಿದರು, ಅಷ್ಟೇ. ಟೌನ್ಸ್ ಸೆಂಟರ್, ಅಂದ್ರೆ ಸಾಮಾನ್ಯವಾಗಿ ರಿಂಗಿನ ಹತ್ತಿರ ಆಡೋ ಎತ್ತರದ ಆಟಗಾರ, ಆದ್ರೆ ಹೊರಗಿಂದ ಹೊಡೆಯೋನು. ಆ ವರ್ಷ ಅವನ ಥ್ರೀ ಶೇಕಡಾ 42. ಅವನನ್ನ ಕಾಯೋಕೆ ಎದುರಾಳಿಯ ಸೆಂಟರ್ ನಿಂತರೆ, ಆ ದೊಡ್ಡ ಮನುಷ್ಯ ರಿಂಗ್ ಬಿಟ್ಟು ಹೊರಗೆ ಬರಲೇಬೇಕು. ನಿಕ್ಸ್ ಆಟದ ಮರ್ಮ ಅದೇ ಆಗಿತ್ತು. ಅದಕ್ಕೆ ಅವರು ಟೌನ್ಸ್ ಮೇಲೆ ಚುರುಕಾದ ಒಬ್ಬ ವಿಂಗ್ (ಅಂಚಿನಲ್ಲಿ ಆಡೋ) ಆಟಗಾರನನ್ನ ಹಾಕಿ, ತಮ್ಮ ಸೆಂಟರನ್ನ ಜಾಶ್ ಹಾರ್ಟ್ ಮೇಲೆ ಬಿಟ್ಟರು. ಹಾರ್ಟ್‌ನ ಹೊರಗಿನ ಶಾಟಿಗೆ ಹೆದರದ ಕಾರಣ, ಅವನು ಮೂಲೆಯಲ್ಲಿ ಖಾಲಿ ನಿಂತಿದ್ದರೂ ಯಾರೂ ಓಡಿ ಬರಲ್ಲ. ಸೆಂಟರ್ ರಿಂಗಿನ ಕೆಳಗೇ ಕಾವಲು. ಬ್ರನ್ಸನ್ ಮತ್ತು ಟೌನ್ಸ್ ಪಿಕ್ ಅಂಡ್ ರೋಲ್ (ಟೌನ್ಸ್ ಅಡ್ಡ ನಿಂತು, ಚೆಂಡಿರೋ ಬ್ರನ್ಸನ್‌ಗೆ ದಾರಿ ಮಾಡಿ, ತಾನು ರಿಂಗಿನತ್ತ ಓಡೋದು) ಆಡಿದರೆ, ಆ ವಿಂಗ್ ಸುಲಭವಾಗಿ ಸ್ವಿಚ್ ಮಾಡಿ, ಅಂದ್ರೆ ತಾನು ಕಾಯೋ ಆಟಗಾರನನ್ನ ಬದಲಿಸಿಕೊಂಡು, ಬ್ರನ್ಸನ್ ಎದುರು ನಿಲ್ಲುತ್ತಾನೆ. ಮಿಕ್ಕಿದ್ದು ಬ್ರನ್ಸನ್ ಒಬ್ಬನೇ ಡ್ರಿಬಲ್ ಮಾಡ್ತಾ ಇಪ್ಪತ್ತು ಸೆಕೆಂಡ್ ಕಳೆಯೋದು. ಟೌನ್ಸ್ ಕೈಗೆ ಚೆಂಡೇ ಬರಲ್ಲ.

ಇದಕ್ಕೆ ಮದ್ದು ಇತ್ತು, ಒಂದಲ್ಲ, ಮೂರು. ಒಂದು, ಹಾರ್ಟ್‌ನನ್ನೇ ಸ್ಕ್ರೀನ್ ಹಾಕೋಕೆ (ಎದುರಾಳಿಗೆ ಅಡ್ಡ ನಿಲ್ಲೋಕೆ) ಕರೆಯೋದು. ಆಗ ಅವನನ್ನ ಕಾಯ್ತಿರೋ ಸೆಂಟರ್ ರಿಂಗ್ ಬಿಟ್ಟು ಹೊರಗೆ ಬರಬೇಕಾಗುತ್ತೆ, ಹಾರ್ಟ್ ನಡುವೆ ಚೆಂಡು ಹಿಡಿದು ಪಾಸ್ ಕೊಡಬಲ್ಲ. ತಿಬೊಡೊ ಇದನ್ನ ಆಗಾಗ ಬಳಸಿದರು. ಎರಡು, ಹಾರ್ಟ್ ಜಾಗಕ್ಕೆ ಮೈಲ್ಸ್ ಮೆಕ್‌ಬ್ರೈಡ್. ಇವನ ಶೂಟಿಂಗ್‌ಗೆ ಗೌರವ ಕೊಡಲೇಬೇಕು, ಆದ್ರೆ ಬ್ರನ್ಸನ್ ಪಕ್ಕದಲ್ಲಿ ಇನ್ನೊಬ್ಬ ಕುಳ್ಳ ಗಾರ್ಡ್ ಸೇರಿದ ಹಾಗಾಗುತ್ತೆ, ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯೋದು) ಕೈಬಿಡುತ್ತೆ. ಮೂರನೇದು ಮಿಚೆಲ್ ರಾಬಿನ್ಸನ್, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ರಾಬಿನ್ಸನ್ ಹೊರಗಿಂದ ಒಂದು ಶಾಟೂ ಹೊಡೆಯಲ್ಲ. ಆದ್ರೆ ಅವನನ್ನ ರಿಂಗಿನ ಪಕ್ಕ ಬೇಸ್‌ಲೈನ್ ಹತ್ತಿರ ನಿಲ್ಲಿಸಿದರೆ ಎದುರಾಳಿ ಸೆಂಟರ್ ಅವನನ್ನ ಬಿಟ್ಟು ಕದಲೋ ಹಾಗಿಲ್ಲ. ಬಿಟ್ಟರೆ, ನಿಕ್ಸ್ ತಪ್ಪಿಸಿದ ಶಾಟಿನ ಚೆಂಡು (ಆಫೆನ್ಸಿವ್ ರೀಬೌಂಡ್) ಮತ್ತೆ ರಾಬಿನ್ಸನ್ ಕೈಗೇ ಹೋಯ್ತು ಅಂತಲೇ ಅರ್ಥ. ಡಿಫೆನ್ಸಿನಲ್ಲಿ ರಿಂಗ್ ಕಾಯೋ ಕೆಲಸವೂ ಟೌನ್ಸ್ ತಲೆಯಿಂದ ಇಳಿಯುತ್ತೆ. ಬ್ರನ್ಸನ್ ಮತ್ತು ಟೌನ್ಸ್ ಇಬ್ಬರನ್ನೂ ಎಳೆತಂದು ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿ ಬಳಲಿಸೋದು ಎಲ್ಲ ತಂಡಗಳ ಯೋಜನೆಯಾಗಿತ್ತು, ಆ ಕಾರಣಕ್ಕೂ ಇದು ಬೇಕಿತ್ತು.

ರಾಬಿನ್ಸನ್ ಆಡಿಸೋದ್ರಲ್ಲಿ ಅಪಾಯವೂ ಇದೆ. ಅವನ ಫ್ರೀ ಥ್ರೋ ತುಂಬಾ ದುರ್ಬಲ, ಹಾಗಾಗಿ ಹಿಂದಿನ ಸುತ್ತುಗಳಲ್ಲಿ ಡೆಟ್ರಾಯಿಟ್, ಬಾಸ್ಟನ್ ತಂಡಗಳು ಬೇಕಂತಲೇ ಫೌಲ್ ಮಾಡಿ ಅವನನ್ನ ಲೈನಿಗೆ ಕಳಿಸಿದರು. ಆದ್ರೆ ಪ್ರತಿ ಕ್ವಾರ್ಟರಿನ ಕೊನೆ ಎರಡು ನಿಮಿಷದಲ್ಲಿ ಚೆಂಡಿಲ್ಲದವನ ಮೇಲೆ ಹಾಗೆ ಫೌಲ್ ಮಾಡಿದರೆ, ಆಗ ಅಂಗಳದಲ್ಲಿರೋ ಯಾರು ಬೇಕಾದ್ರೂ ಒಂದು ಫ್ರೀ ಥ್ರೋ ಹೊಡೆಯಬಹುದು, ಮೇಲೆ ಚೆಂಡೂ ನಮ್ಮದೇ. ಅಂದ್ರೆ ಅವನನ್ನ ಹೊರಗೆ ಕರೀಬೇಕಾಗಿದ್ದು ಎದುರಾಳಿ ಫೌಲಿಗೆ ಇಳಿದಾಗ ಮಾತ್ರ. ಎರಡು ನಿಮಿಷ ಉಳಿದಾಗ ವಾಪಸ್ ಕಳಿಸಬಹುದು. ಕ್ರಿಕೆಟ್ ಅಲ್ಲ ಇದು, ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ ಮಾಡಬಹುದು.

ತಿಬೊಡೊ ಪರವಾಗಿ ಒಂದು ಮಾತು ಹೇಳಲೇಬೇಕು. ಕಣಕಾಲಿನ ಶಸ್ತ್ರಚಿಕಿತ್ಸೆಯಿಂದ ರಾಬಿನ್ಸನ್ ವಾಪಸಾಗಿದ್ದೇ ಫೆಬ್ರವರಿ 28ಕ್ಕೆ, ಅದೂ ಅಳತೆಯ ನಿಮಿಷಗಳೊಂದಿಗೆ. ಆದ್ರೂ ಲೀಗ್ ಹಂತ ಮುಗಿದ ಏಪ್ರಿಲ್ 13ರವರೆಗೆ ಆರು ವಾರ ಸಿಕ್ಕಿತ್ತು. ವಾರಕ್ಕೆ ಮೂರೂವರೆ ಪಂದ್ಯ, ಪಂದ್ಯಕ್ಕೆ ಐದು ನಿಮಿಷ ಟೌನ್ಸ್ ಜೊತೆಗೆ ಆಡಿಸಿದ್ದರೆ ನೂರು ನಿಮಿಷ ದಾಟುತ್ತಿತ್ತು. ಯಾವ ಸ್ಕ್ರೀನಿಗೆ ಯಾರು ಹಿಂದೆ ಸರಿಯಬೇಕು, ಟೌನ್ಸ್ ಯಾರನ್ನ ಕಾಯಬೇಕು, ವೇಗದ ತಂಡ ಓಡಿದಾಗ ಇಬ್ಬರು ದೊಡ್ಡವರಲ್ಲಿ ಯಾರು ಮೊದಲು ಹಿಂದೆ ಓಡಬೇಕು, ಇದೆಲ್ಲ ಪಂದ್ಯದಲ್ಲಿ ಆಡಿಯೇ ಕೂಡಿಬರೋದು.

ಅದು ಆಗಲಿಲ್ಲ. ಫೈನಲ್ ಸರಣಿಯ ಎರಡನೇ ಪಂದ್ಯದಲ್ಲಿ ಪೇಸರ್ಸ್‌ನ ಸಿಯಾಕಮ್ 39 ಪಾಯಿಂಟ್ ಹೊಡೆದ, ನಾಲ್ಕನೇ ಕ್ವಾರ್ಟರಿನ ಬಹುಭಾಗ ಟೌನ್ಸ್ ಬೆಂಚಿನಲ್ಲಿ ಕೂತ, 114-109ಕ್ಕೆ ಸೋಲು. ಆಮೇಲೆ ಮೂರನೇ ಪಂದ್ಯದಲ್ಲಿ ರಾಬಿನ್ಸನ್ ಸ್ಟಾರ್ಟರ್, ಹಾರ್ಟ್ ಬೆಂಚಿಗೆ. ಲ್ಯಾಂಡ್ರಿ ಶಾಮೆಟ್, ಡೆಲಾನ್ ರೈಟ್ ಕೂಡ ಅಂಗಳಕ್ಕಿಳಿದರು. 20 ಪಾಯಿಂಟ್ ಹಿಂದಿದ್ದ ತಂಡ 106-100ಕ್ಕೆ ಗೆದ್ದಿತು. ನಾಲ್ಕನೇ ಕ್ವಾರ್ಟರಲ್ಲಿ ಟೌನ್ಸ್ ಒಬ್ಬನೇ 20 ಹೊಡೆದ. ಹೊಟ್ಟೆ ಉರಿಯೋದು ಇಲ್ಲೇ. ಆ ಬೆಂಚ್ ಮಾರ್ಚ್‌ನಿಂದಲೂ ಅಲ್ಲೇ ಇತ್ತು. ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಎಂಟು-ಹತ್ತು ಜನರನ್ನ ತಿರುಗಿಸ್ತಾ ಓಡಿಸುವಾಗ, ನಿಕ್ಸ್ ಹೊಸ ಐವರು ಕಾನ್ಫರೆನ್ಸ್ ಫೈನಲ್ ನಡುವೆ ಒಬ್ಬರನ್ನೊಬ್ಬರು ಅರ್ಥ ಮಾಡ್ಕೊಳ್ತಾ ಇದ್ದರು. ಸರಣಿ 4-2ಕ್ಕೆ ಹೋಯ್ತು.

ನಿಮಿಷಗಳ ಬಗ್ಗೆ ದೂರು ಹೇಳೋರು ಬರೀ ದಣಿವಿನ ಮಾತಾಡ್ತಾರೆ. ಮಿಕಾಲ್ ಬ್ರಿಜಸ್ ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ನಿಮಿಷ ಆಡಿದ್ದು ನಿಜ, ನಿಮಿಷ ಜಾಸ್ತಿಯಾಯ್ತು ಅಂತ ಮಾರ್ಚಿನಲ್ಲಿ ಅವನೇ ಬಾಯಿಬಿಟ್ಟು ಹೇಳಿದ್ದೂ ನಿಜ. ದಣಿವಿಗಿಂತ ದೊಡ್ಡ ನಷ್ಟ ಬೇರೆ ಇದೆ: ಬೆಂಚಿನವರಿಗೆ ಆಟ ಕೊಡದಿದ್ದರೆ ಯಾರಿಂದ ಏನಾಗುತ್ತೆ ಅಂತ ಕೋಚಿಗೇ ಗೊತ್ತಾಗಲ್ಲ.

ಜೂನ್ 3ಕ್ಕೆ ತಿಬೊಡೊರನ್ನ ತೆಗೆದರು. 51 ಗೆಲುವು, 25 ವರ್ಷದಲ್ಲಿ ಮೊದಲ ಕಾನ್ಫರೆನ್ಸ್ ಫೈನಲ್ ಕೊಟ್ಟ ಕೋಚ್. ಆ ಶಿಕ್ಷೆ ಜಾಸ್ತಿಯೇ ಆಯ್ತು ಅಂತ ಈಗಲೂ ನನಗನ್ಸುತ್ತೆ. ಜುಲೈನಲ್ಲಿ ಮೈಕ್ ಬ್ರೌನ್ ಬಂದರು, ಬೆಂಚಿಗೆ ಜೋರ್ಡನ್ ಕ್ಲಾರ್ಕ್ಸನ್, ಗೆರ್ಶಾನ್ ಯಾಬುಸೆಲೆ ಸೇರಿದರು. ಕೋಚ್ ಯಾರೇ ಇರಲಿ, ಮುಂದಿನ ನಿಕ್ಸ್ ಪಂದ್ಯ ಹಾಕಿದಾಗ ಸ್ಕೋರ್ ಬಿಟ್ಟು ಎರಡು ವಿಷಯ ನೋಡಿ. ಮೊದಲ ಪೊಸೆಷನ್‌ನಲ್ಲಿ ಎದುರಾಳಿ ಸೆಂಟರ್ ಯಾರ ಪಕ್ಕ ನಿಂತಿದ್ದಾನೆ? ಎರಡನೇ ಕ್ವಾರ್ಟರ್ ಶುರುವಾದಾಗ ಅಂಗಳದಲ್ಲಿರೋ ಐವರು ಕಳೆದ ವಾರವೂ ಒಟ್ಟಿಗೆ ಆಡಿದ್ದರಾ?