ತಮಾರ್ ಅಂದರೆ ಖರ್ಜೂರ: ಜೆರುಸಲೇಮಿನಲ್ಲಿ ನನ್ನ ಶುಕ್ರವಾರ

ನಮಸ್ಕಾರ ಎಲ್ಲರಿಗೂ. ಇದು ಜೆರುಸಲೇಮಿನ ಮಹನೆ ಯೆಹೂದಾ ಮಾರ್ಕೆಟ್. ಗದ್ದಲ ಕೇಳಿಸ್ತಾ ಇದೆ ಅಲ್ವಾ? ಇವತ್ತು ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಚ್ಚಲು ಶುರು ಮಾಡುತ್ತಾರೆ, ಆಮೇಲೆ ಬಸ್ಸೂ ನಿಲ್ಲುತ್ತದೆ. ಸಂಜೆಗೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶುರು. ಹಾಗಾಗಿ ಎಲ್ಲರಿಗೂ ಅವಸರ, ನನಗೂ.

ಹೊಸದಾಗಿ ನೋಡುತ್ತಿರುವವರಿಗೆ ಹೇಳುತ್ತೇನೆ. ನಾನು ಉಡುಪಿ ಕಡೆಯವಳು. ಇಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಅವರನ್ನು ಸಫ್ತಾ ಅಂತ ಕರೆಯುತ್ತೇನೆ. ಹೀಬ್ರೂನಲ್ಲಿ ಸಫ್ತಾ ಅಂದರೆ ಅಜ್ಜಿ. ಸಫ್ತಾಗೆ ಮರಿಮೊಮ್ಮಗಳು ಹುಟ್ಟಿದ್ದಾಳೆ. ಹೆಸರು ತಮಾರ್. ಮಗುವಿನ ಮುಖ ತೋರಿಸಬೇಡ ಅಂತ ಮನೆಯವರು ಹೇಳಿದ್ದಾರೆ, ತೋರಿಸುವುದಿಲ್ಲ. ಇವತ್ತಿನ ವಿಡಿಯೋ ಬರೀ ಆ ಹೆಸರಿನ ಬಗ್ಗೆ, ಮತ್ತು ಮಗುವಿಗೆ ಅಂತ ನಾನು ಮಾಡಿಸಿದ, ಆ ಹೆಸರಿನ ಒಂದು ಬೆಳ್ಳಿ ಪದಕದ ಬಗ್ಗೆ.

ಇಲ್ಲಿ ನೋಡಿ, ಈ ರಾಶಿ. ಇದೇ ತಮಾರ್. ಖರ್ಜೂರ! ಹಣ್ಣಿಗೂ ತಮಾರ್, ಮರಕ್ಕೂ ತಮಾರ್, ಹುಡುಗಿಗೂ ತಮಾರ್. ಹೇಳುವಾಗ ಒತ್ತು ಕೊನೆಗೆ ಬೀಳಬೇಕು, ತ-ಮಾರ್. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ, "ತಾವರೆ ಅಂತಲಾ?" ಅಂತ ಕೇಳಿದರು. ಮಲಯಾಳದಲ್ಲಿ ತಾವರೆಗೆ ತಾಮರ ಅನ್ನುತ್ತಾರಲ್ಲ, ಅದು ಅಮ್ಮನ ಕಿವಿಯಲ್ಲಿತ್ತು. ಆ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. "ಅಲ್ಲಮ್ಮ, ಖರ್ಜೂರ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗುವಿಗೆ ಖರ್ಜೂರ ಅಂತ ಹೆಸರಾ?" ಅಂದರು.

ನಮ್ಮಲ್ಲಿ ಹೂವಿನ ಹೆಸರು ಇಡುತ್ತೇವೆ. ತೆಂಗು, ಹಲಸು ಅಂತ ಯಾರೂ ಇಡುವುದಿಲ್ಲ. ಇಲ್ಲಿ ಮರದ ಹೆಸರು ತುಂಬಾ ಸಾಮಾನ್ಯ. ಅಲೋನ್ ಅಂದರೆ ಓಕ್, ಎರೆಜ್ ಅಂದರೆ ದೇವದಾರು, ಇಲಾನ್ ಅಂದರೆ ಸುಮ್ನೆ ಮರ. ಖರ್ಜೂರದ ಮರ ನಮಗೂ ದೂರದ್ದೇನಲ್ಲ. ನಮ್ಮ ಬಯಲುಸೀಮೆಯ ಈಚಲು ಮರ ಅದೇ ಕುಲದ್ದು.

ಒಂದು ನಿಮಿಷ, ದುಡ್ಡು ಕೊಡಬೇಕು. ಈ ನಾಣ್ಯ ನೋಡಿ, ಹತ್ತಿರ ಹಿಡಿಯುತ್ತೇನೆ. ಹತ್ತು ಶೆಕೆಲ್. ಏಳು ಗರಿಯ ಖರ್ಜೂರದ ಮರ, ಕೆಳಗೆ ಎರಡು ಬುಟ್ಟಿ ಹಣ್ಣು. ನಾನು ಎಷ್ಟೋ ದಿನ ಇದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಸುಮಾರು 2000 ವರ್ಷದ ಹಿಂದೆ ರೋಮನ್ನರು ಈ ನಾಡನ್ನು ಗೆದ್ದಾಗ ಅವರೂ ನಾಣ್ಯ ಹೊಡೆಸಿದರು. ಅದರಲ್ಲೂ ಇದೇ ಮರ, ಅದರ ಕೆಳಗೆ ಅಳುತ್ತಾ ಕೂತ ಒಬ್ಬ ಹೆಂಗಸು. ನಾಡು ಅಂದರೆ ಆ ಮರ ಅಂತಲೇ ಲೆಕ್ಕ.

ಸರಿ, ಈಗ ಪದಕದ ಅಂಗಡಿಗೆ ಹೋಗುವ ದಾರಿ. ನಡೆಯುತ್ತಾ ಹೇಳುತ್ತೇನೆ, ಯಾಕೆಂದರೆ ಇದರಿಂದ ನನಗೆ ಎರಡು ದಿನ ನಿದ್ದೆ ಬಂದಿಲ್ಲ.

ಪದಕಕ್ಕೆ 220 ಶೆಕೆಲ್ ಹೇಳಿದ್ದರು. ನನಗೆ ಅದು ಸಣ್ಣ ದುಡ್ಡಲ್ಲ, ಊರಿಗೆ ಕಳಿಸುವ ದುಡ್ಡಿನಿಂದ ಉಳಿಸಿದ್ದು. ಹೆಸರನ್ನು ಮೆಸೇಜಿನಲ್ಲಿ ಕಳಿಸಿ ಅಂದರು. ನನಗೆ ಹೀಬ್ರೂ ಮಾತಾಡಲು ಬರುತ್ತದೆ, ಬರೆಯುವುದು ಕಡಿಮೆ. ಕಳಿಸಿದೆ. ಬುಧವಾರ ಹೋಗಿ ತಂದೆ. ಸಫ್ತಾ ಕನ್ನಡಕ ಹಾಕಿಕೊಂಡು ನೋಡಿದರು. ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ, "ಇದು ತಮಾರ್ ಅಲ್ಲ ಮಗಳೇ" ಅಂದರು.

ಏನಾಗಿತ್ತು ಅಂದರೆ, ಹೀಬ್ರೂನಲ್ಲಿ ತ ಎರಡು ಇದೆ. ಒಂದು ತಾವ್, ಇನ್ನೊಂದು ತೇತ್. ನಮ್ಮಲ್ಲಿ ತ ಬೇರೆ ಟ ಬೇರೆ, ಕೇಳಿದ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಅಕ್ಷರ ಬೇರೆ ಬೇರೆ, ಆದರೆ ಈಗಿನ ಜನರ ಬಾಯಲ್ಲಿ ಎರಡೂ ಒಂದೇ. ಹಿಂದೆ ಎರಡಕ್ಕೂ ಬೇರೆ ಧ್ವನಿ ಇತ್ತು. ಅರಬ್ಬಿಯಲ್ಲಿ ಇವತ್ತಿಗೂ ಬೇರೆಯೇ. ತಮಾರ್ ಬರೆಯಬೇಕಾದ್ದು ತಾವ್‌ನಿಂದ, ನಾನು ಹಾಕಿದ್ದು ತೇತ್. ಕಿವಿ ನಂಬಿ ಬರೆದರೆ ತಪ್ಪಾಗುವ ಮಾತು ಇದು.

ನನ್ನ ಸಿಟ್ಟು ಏನೆಂದರೆ, ಅಂಗಡಿಯವರಿಗೆ ಗೊತ್ತಿತ್ತು! ಇಲ್ಲೇ ಹುಟ್ಟಿ ಬೆಳೆದವರು. ಒಂದು ಫೋನ್ ಮಾಡಿ, "ಅಕ್ಷರ ಹೀಗೇ ಬೇಕಾ?" ಅಂತ ಕೇಳಬಹುದಿತ್ತು. ಕೇಳಲಿಲ್ಲ. ಕತ್ತರಿಸಿ ಕೊಟ್ಟೇಬಿಟ್ಟರು. ಹೆಸರು ಒಂದೇ ತಗಡಿನಲ್ಲಿ ಕತ್ತರಿಸಿದ್ದು, ಒಂದು ಅಕ್ಷರ ಮಾತ್ರ ಬದಲಾಯಿಸಲು ಆಗುವುದಿಲ್ಲ. ಫೋನ್ ಮಾಡಿದರೆ, "ನೀವು ಕಳಿಸಿದ್ದನ್ನೇ ಮಾಡಿದ್ದೇವೆ" ಅಂದರು. ಹಳೆಯ ಬೆಳ್ಳಿ ವಾಪಸ್ ತೆಗೆದುಕೊಂಡು, ಕೂಲಿಗೆ ಮತ್ತೆ 90 ಶೆಕೆಲ್. ಒಟ್ಟು 310. ಮೂರು ಅಕ್ಷರಕ್ಕೆ! ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಕೆಲಸ ಹಿಡಿದವರು ಕೇಳಬೇಕು. ನಮ್ಮೂರಲ್ಲಿ ಮದುವೆ ಕಾಗದ ಅಚ್ಚು ಹಾಕುವವರು ಕೂಡ ಕರಡು ತೋರಿಸುತ್ತಾರೆ.

ಹಾಂ, ಮೂರು ಅಕ್ಷರ ಅಂದೆನಲ್ಲ. ತಾವ್, ಮೆಮ್, ರೇಶ್. ಸ್ವರ ಬರೆಯುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ತೋಮೆರ್ ಅಂತ ಗಂಡು ಹೆಸರು ಇದೆ, ಅದಕ್ಕೂ ಇವೇ ಮೂರು ವ್ಯಂಜನ, ಅರ್ಥವೂ ಖರ್ಜೂರದ ಮರವೇ.

ಇದು ಆಟದ ಮೈದಾನ. ನಿಲ್ಲುತ್ತೇನೆ ಎರಡು ನಿಮಿಷ. ಹೋದ ವಾರ ಇಲ್ಲೇ ಒಬ್ಬ ತಾಯಿ "ತಮಾರ್!" ಅಂತ ಕೂಗಿದರು. ಮೂರು ಹುಡುಗಿಯರು ತಿರುಗಿ ನೋಡಿದರು. ನಿಜವಾಗಿಯೂ. ಇಲ್ಲಿನ ಸರ್ಕಾರ ಪ್ರತಿವರ್ಷ ಹೆಸರುಗಳ ಲೆಕ್ಕ ಹೊರಗೆ ಬಿಡುತ್ತದೆ. ಮೊದಲು ಬಹಳ ವರ್ಷ ಹೆಣ್ಣುಮಕ್ಕಳಲ್ಲಿ ನೋಆ ಮುಂದಿತ್ತು. ಆಮೇಲೆ ತಮಾರ್ ಮೇಲೆ ಬಂತು, ಯಹೂದಿ ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ಮೊದಲ ಸ್ಥಾನವೂ ಅದಕ್ಕೇ. ಪೂಜೆ ಪುನಸ್ಕಾರ ಜಾಸ್ತಿ ಇರುವ ಮನೆಯವರೂ ಇಡುತ್ತಾರೆ, ಅದ್ಯಾವುದೂ ಬೇಡ ಅನ್ನುವವರೂ ಇಡುತ್ತಾರೆ. ಒಬ್ಬರಿಗೆ ಬೈಬಲ್, ಇನ್ನೊಬ್ಬರಿಗೆ ಮರ.

ನನಗೆ ಮೊದಲು ಈ ಹೆಸರು ಇಷ್ಟ ಇರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ನಾವು ಕ್ರಿಸ್ತುವರು, ಕ್ರಿಸ್ಮಸ್ ಹತ್ತಿರ ಬಂದಾಗ ಚರ್ಚಿನಲ್ಲಿ ಯೇಸುವಿನ ವಂಶಾವಳಿ ಓದುತ್ತಾರೆ. ಉದ್ದದ ಹೆಸರುಗಳ ಸಾಲು. ಅದರಲ್ಲಿ ಬರುವ ಮೊದಲ ಹೆಂಗಸು ತಾಮಾರ್, ಅಂದರೆ ಇದೇ ತಮಾರ್. ಯೆಹೂದನ ಸೊಸೆ. ಗಂಡ ಸತ್ತ, ಮೈದುನನೂ ಸತ್ತ, ಮಾವ ಮಾತು ಕೊಟ್ಟು ಕೈಬಿಟ್ಟ. ಅವಳು ತನ್ನ ಹಕ್ಕನ್ನು ತಾನೇ ಹುಡುಕಿಕೊಂಡಳು. ಕೊನೆಗೆ ಯೆಹೂದನೇ, "ಅವಳು ನನಗಿಂತ ನೀತಿವಂತೆ" ಅಂತ ಒಪ್ಪಿಕೊಂಡ. ಅವಳ ಸಂತಾನದಲ್ಲೇ ದಾವೀದ ರಾಜ ಹುಟ್ಟಿದ್ದು.

ಆ ದಾವೀದನ ಮಗಳ ಹೆಸರೂ ತಾಮಾರ್. ಅವಳ ಕತೆ ಇನ್ನೂ ಕಷ್ಟದ್ದು. ಮಲ ಅಣ್ಣ ಅಮ್ನೋನ ಅವಳನ್ನು ಹಾಳು ಮಾಡಿ ಹೊರಗೆ ದಬ್ಬಿದ. ಅವಳು ತಲೆಗೆ ಬೂದಿ ಹಾಕಿಕೊಂಡು ಅಳುತ್ತಾ ಹೋದಳು. ಮಗುವಿಗೆ ಇಂಥ ಹೆಸರು ಯಾಕೆ ಬೇಕು ಅಂತ ನಾನು ಸಫ್ತಾಗೆ ನೇರವಾಗಿ ಕೇಳಿದೆ. ಅವರು, "ಮುಂದೆ ಓದು" ಅಂದರು. ಓದಿದೆ. ಒಂದೇ ಸಾಲು ಇದೆ. ಅವಳ ಅಣ್ಣ ಅಬ್ಷಾಲೋಮನಿಗೆ ಒಬ್ಬ ಮಗಳು, ಅವಳ ಹೆಸರು ತಾಮಾರ್. ನೊಂದ ಅತ್ತೆಯ ಹೆಸರೇ ಮನೆಯಲ್ಲಿ ಮತ್ತೆ ಬಂತು. ಆ ಸಾಲು ಓದಿ ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಚರ್ಚಿಗೆ ಹೋಗಿದ್ದೇನೆ, ಅದನ್ನು ಗಮನಿಸಿರಲಿಲ್ಲ. ಈಗ ನನಗೆ ಇದಕ್ಕಿಂತ ಒಳ್ಳೆಯ ಹೆಸರು ಇಲ್ಲ ಅನ್ನಿಸುತ್ತದೆ.

ಮರದ ಕತೆಯೂ ಹಾಗೇ ಇದೆ, ಬೇಗ ಹೇಳುತ್ತೇನೆ. ಯೂದಾಯದ, ಅಂದರೆ ಹಿಂದಿನ ಈ ನಾಡಿನ, ಹಳೆಯ ಖರ್ಜೂರದ ತಳಿ ನೂರಾರು ವರ್ಷದ ಹಿಂದೆಯೇ ಇಲ್ಲವಾಗಿತ್ತು. 1960ರ ದಶಕದಲ್ಲಿ ಮಸಾದಾ ಕೋಟೆಯನ್ನು ಅಗೆದಾಗ ಬೀಜ ಸಿಕ್ಕವು. ಸುಮಾರು 40 ವರ್ಷ ಸುಮ್ನೆ ಇಟ್ಟಿದ್ದರು. 2005ರಲ್ಲಿ ಸಾರಾ ಸಾಲನ್ ಮತ್ತು ಎಲೇನ್ ಸೊಲೊವೇ ಅನ್ನುವ ಇಬ್ಬರು ಸಂಶೋಧಕಿಯರು ಅದರಲ್ಲಿ ಒಂದನ್ನು ಮೊಳೆಸಿದರು, ದಕ್ಷಿಣದಲ್ಲಿ ಜನ ಒಟ್ಟಾಗಿ ದುಡಿದು ಬಾಳುವ ಊರಾದ ಕೆತುರಾ ಕಿಬ್ಬುತ್ಸ್‌ನಲ್ಲಿ. 2000 ವರ್ಷದ ಬೀಜ! ಗಿಡಕ್ಕೆ ಮೆತೂಷೆಲಹ ಅಂತ ಹೆಸರು, ಬೈಬಲಿನಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಬದುಕಿದವನ ಹೆಸರು. ಆದರೆ ಅದು ಗಂಡು ಮರ. ಖರ್ಜೂರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಆಮೇಲೆ ಬೇರೆ ಕೆಲವು ಹಳೆಯ ಬೀಜಗಳೂ ಮೊಳೆತು ಒಂದು ಹೆಣ್ಣು ಗಿಡ ಬಂತು, ಹನ್ನಾ. 2020ರಲ್ಲಿ ಹನ್ನಾ 111 ಹಣ್ಣು ಕೊಟ್ಟಳು. ಆ ಹಣ್ಣಲ್ಲಿ ಒಂದನ್ನು ತಿನ್ನಬೇಕು ಅಂತ ನನಗೆ ಎಷ್ಟು ಆಸೆ ಗೊತ್ತಾ!

ಅಂಗಡಿ ಬಂತು. ಒಳಗೆ ಕ್ಯಾಮೆರಾ ಬೇಡ ಅಂದಿದ್ದಾರೆ.

ಆಯ್ತು, ಸಿಕ್ಕಿತು. ಈ ಸಲ ಕಾಗದದ ಮೇಲೆ ಬರೆಸಿಕೊಂಡು ಹೋಗಿದ್ದೆ, ಸಫ್ತಾ ಕೈಬರಹ. ಅಂಗಡಿಯವರ ತಾಯಿ ಅಲ್ಲೇ ಕೂತಿದ್ದರು. ಇಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತೇತ್‌ಗೆ 9, ತಾವ್‌ಗೆ 400. "ಮಗುವಿಗೆ 391 ಜಾಸ್ತಿ ಸಿಕ್ಕಿತಲ್ಲ" ಅಂತ ನನ್ನ ಕೈ ಹಿಡಿದು ಹೇಳಿದರು. 90ರಲ್ಲಿ 40 ವಾಪಸ್ ಕೊಡಿಸಿದರು. ಆ ಅಂಗಡಿಯ ಬಗ್ಗೆ ಹೇಳಿದ್ದರಲ್ಲಿ ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ. ಕೇಳಬೇಕಿತ್ತು ಅನ್ನುವುದು ಮಾತ್ರ ಹಾಗೇ ಇರಲಿ.

ಆ 40ರಲ್ಲಿ ಸ್ವಲ್ಪ ಕೊಟ್ಟು ಇದನ್ನು ಕೊಂಡೆ, ನೋಡಿ, ಕಂದು ಬಣ್ಣದ ಶರಬತ್ತು. ತಮರ್ ಹಿಂದಿ. ಅರಬ್ಬಿಯಲ್ಲಿ ಹಿಂದೂಸ್ತಾನದ ಖರ್ಜೂರ ಅಂತ ಅರ್ಥ. ಯಾವುದು ಹೇಳಿ? ನಮ್ಮ ಹುಣಸೆಹಣ್ಣು! ಅಮ್ಮನಿಗೆ ಹೇಳಬೇಕು, ನಮ್ಮ ಮನೆಯ ಭರಣಿಯಲ್ಲೂ ಒಂದು ತಮಾರ್ ಇದೆ ಅಂತ.

ಬಸ್ಸು ಬಂತು, ಇದೇ ಕೊನೆಯದ್ದು ಇರಬೇಕು. ಮುಂದಿನದು ಮನೆಯಲ್ಲಿ ತೆಗೆದ ಶಾಟ್.

ಸಫ್ತಾ ಕೈ ಮಾತ್ರ ಕಾಣುತ್ತದೆ. ಬೆರಳಿಟ್ಟು ಓದುತ್ತಿದ್ದಾರೆ, ಕೇಳಿ. ತಾವ್. ಮೆಮ್. ರೇಶ್.