ಒಟ್ಟು ಎಷ್ಟು, ಬರೆದು ಕೊಡಿ

ಕೇಳುಗರಿಗೆ ನಮಸ್ಕಾರ.

ಹೊಸ ಕಾರಿನ ಬೆಲೆ ಯಾಕೆ ಇಷ್ಟು ಏರಿದೆ, ನಮ್ಮಂಥ ಸಂಸಾರಸ್ಥರು ಏನು ಮಾಡಬೇಕು ಅಂತ ಮಾತಾಡಲು ಆಕಾಶವಾಣಿಯವರು ಕರೆದಿದ್ದಾರೆ. ನಾನು ಕಾರು ತಯಾರಿಸುವವನಲ್ಲ, ಮಾರುವವನೂ ಅಲ್ಲ. ಬ್ಯಾಂಕಿನಲ್ಲಿ ವಾಹನ ಸಾಲದ ಟೇಬಲ್ಲಿನ ಹಿಂದೆ ಕೂತು ನಿವೃತ್ತನಾದವನು. ಹೊಸ ಕಾರಿನ ಸಂಭ್ರಮದಲ್ಲಿ ಪೇಡಾ ಹಿಡಿದು ಬಂದವರನ್ನೂ ನೋಡಿದ್ದೇನೆ. ಅವರೇ ಎರಡು ವರ್ಷ ಬಿಟ್ಟು, ಕಂತು ಕಟ್ಟಲಾಗದೆ ತಲೆ ತಗ್ಗಿಸಿಕೊಂಡು ಬಂದಿದ್ದನ್ನೂ ನೋಡಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯೆ ಯಾರಾದರೂ ಹಾಲು ಉಕ್ಕಿತು ಅಂತ ಎದ್ದು ಹೋದರೂ ನಷ್ಟವಾಗಬಾರದು. ಶೋರೂಮಿಗೆ ಹೋದಾಗ ತಿಂಗಳ ಕಂತು ಎಷ್ಟು ಅಂತ ಕೇಳಬೇಡಿ. ಒಟ್ಟು ಎಷ್ಟಾಗುತ್ತದೆ, ಬರೆದು ಕೊಡಿ ಅಂತ ಕೇಳಿ. ಇವತ್ತಿನ ನನ್ನ ಮಾತು ಇಷ್ಟೇ.

ಈಗ ಬೆಲೆಯ ಕಥೆಗೆ ಬರೋಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಬೆಲೆ 50 ಸಾವಿರದ ಆಸುಪಾಸು ಇತ್ತು. ಆಗ ಅದೂ ಸಣ್ಣ ದುಡ್ಡಲ್ಲ ಬಿಡಿ. 2009ರಲ್ಲಿ ಟಾಟಾ ನ್ಯಾನೊ ಬಂತು, ಲಕ್ಷದ ಕಾರು ಅಂತ ಊರೆಲ್ಲ ಸುದ್ದಿ. ಆದರೆ ಆ ಒಂದು ಲಕ್ಷ ಕಾರ್ಖಾನೆ ಬಾಗಿಲಿನ ಬೆಲೆ. ತೆರಿಗೆ, ಸಾಗಾಣಿಕೆ ಎಲ್ಲ ಸೇರಿ ನಮ್ಮ ಮನೆ ಮುಂದೆ ನಿಲ್ಲುವ ಹೊತ್ತಿಗೆ ಲಕ್ಷ ದಾಟಿರುತ್ತಿತ್ತು. ನೋಡಿ, ಆಗಲೂ ಅದೇ. ಹೇಳುವ ಬೆಲೆ ಒಂದು, ಕೊಡುವ ಬೆಲೆ ಇನ್ನೊಂದು.

ಆಮೇಲೆ ಏನಾಯಿತು? 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಮಾಡಿಸುವ ವಿಮೆಯನ್ನು, ಒಟ್ಟಿಗೆ ಕಟ್ಟಬೇಕಾಯಿತು. 2019ರಲ್ಲಿ ಜೋರಾಗಿ ಒತ್ತಿದರೂ ಚಕ್ರ ಜಾಮ್ ಆಗದ ಎಬಿಎಸ್ ಬ್ರೇಕ್, ಡ್ರೈವರ್ ಏರ್‌ಬ್ಯಾಗ್, ಹಿಂದೆ ತೆಗೆಯುವಾಗ ಕುಂಯ್ ಕುಂಯ್ ಅನ್ನುವ ಸೆನ್ಸರ್, ಎಲ್ಲ ಕಡ್ಡಾಯವಾದವು. 2020ರ ಏಪ್ರಿಲಿನಲ್ಲಿ ಬಿಎಸ್ 6 ಬಂತು, ಅಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಹೊಸ ಮಿತಿ. ಬಿಎಸ್ 4ರಿಂದ ನೇರ 6ಕ್ಕೆ ಹಾರಿದೆವು, ನಡುವಿನ 5 ಇಲ್ಲವೇ ಇಲ್ಲ. ಎಂಜಿನ್ನು, ಸೈಲೆನ್ಸರು ಎಲ್ಲ ಬದಲಾಯಿತು, ಬೆಲೆಯೂ ಬದಲಾಯಿತು. 2022ರಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬೇಕೇ ಬೇಕು. ಇವುಗಳಿಗೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಜೀವ ಉಳಿಸುವ ಸಾಮಾನಿಗೆ ದುಡ್ಡು ಕೊಡೋಣ. ಆದರೆ ಅಗ್ಗದ ಕಾರಿಗೆ ಈ ಹೊರೆ ಜಾಸ್ತಿ ಬಿತ್ತು. ಹತ್ತು ಲಕ್ಷದ ಕಾರಿನಲ್ಲಿ 30 ಸಾವಿರ ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರು ಲಕ್ಷದ ಕಾರಿನಲ್ಲಿ ಏರಿದರೆ ಸ್ಕೂಟರಿನಿಂದ ಇಳಿದು ಕಾರು ಹತ್ತಬೇಕೆಂದವನು ಸ್ಕೂಟರಿನಲ್ಲೇ ಉಳಿಯುತ್ತಾನೆ. ಕಂಪನಿಗಳಿಗೂ ಸಣ್ಣ ಕಾರಿನಲ್ಲಿ ಲಾಭ ಕಡಿಮೆ. 2023ರಲ್ಲಿ ಆಲ್ಟೊ 800 ಕೂಡ ನಿಂತಿತು. ಈಗ ಎಲ್ಲರಿಗೂ ಎತ್ತರದ ಗಾಡಿಯೇ ಬೇಕು, ಎಲ್ಲರೂ ಅದನ್ನೇ ಮಾಡುತ್ತಾರೆ.

"ಜಿಎಸ್‌ಟಿ ಇಳಿದಿದೆಯಲ್ಲ ಸಾರ್" ಅಂತ ಕೇಳುತ್ತೀರಿ. ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇಕಡಾ 18. ಮೊದಲು 28, ಅದರ ಮೇಲೆ ಸೆಸ್ ಬೇರೆ ಇತ್ತು. ಒಳ್ಳೆಯದೇ ಆಯಿತು. ಆದರೆ ಇಳಿದಿದ್ದನ್ನು ನಿಮ್ಮ ಜೇಬಿಗೆ ಹಾಕಿಕೊಂಡಿರೋ, ಇಳಿಯಿತಲ್ಲ ಅಂತ ಒಂದು ಮೆಟ್ಟಿಲು ಮೇಲಿನ ಮಾಡೆಲ್ ತೆಗೆದುಕೊಂಡಿರೋ? ಅದನ್ನು ಹೇಳಿ ಮೊದಲು.

ಇನ್ನು ನಮ್ಮ ರಾಜ್ಯದ ಮಾತು. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5 ಲಕ್ಷದವರೆಗಿನ ಕಾರಿಗೆ ಶೇಕಡಾ 13. 5ರಿಂದ 10 ಲಕ್ಷಕ್ಕೆ 14. 10 ದಾಟಿದರೆ 17. 20 ದಾಟಿದರೆ 18. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11 ಸೆಸ್. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಈ ತೆರಿಗೆ, ತೆರಿಗೆಯ ಮೇಲೆ ಸೆಸ್. ಆದ್ದರಿಂದ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವ ಎಕ್ಸ್ ಶೋರೂಂ ಬೆಲೆ, ಅಂದರೆ ರಾಜ್ಯದ ತೆರಿಗೆ, ವಿಮೆ ಸೇರದ ಬೆಲೆ ನೋಡಿ ಲೆಕ್ಕ ಹಾಕುವುದು, ಛತ್ರದ ಬಾಡಿಗೆ ಕೇಳಿ ಮದುವೆ ಖರ್ಚು ಇಷ್ಟೇ ಅಂದುಕೊಂಡ ಹಾಗೆ. ಒಟ್ಟು ಎಷ್ಟು, ಬರೆದು ಕೊಡಿ ಅನ್ನಿ.

ಇಲ್ಲಿ ನಿಮಗೊಂದು ಪ್ರಸಂಗ ಹೇಳಲೇಬೇಕು. ಚಳ್ಳಕೆರೆ ಕಡೆಯ ಒಬ್ಬರು ಹೈಸ್ಕೂಲ್ ಮೇಷ್ಟ್ರು. ಗಣಿತದ ಮೇಷ್ಟ್ರು, ಅದೇ ತಮಾಷೆ. ಹೆಂಡತಿ, ಪಿಯುಸಿ ಓದುವ ಮಗ, ಮೂವರೂ ನನ್ನ ಟೇಬಲ್ ಮುಂದೆ ಕೂತರು. ಕೈಯಲ್ಲಿ ಶೋರೂಮಿನವರು ಕೊಟ್ಟ ಕೊಟೇಶನ್. ಮಗನ ಮುಖದಲ್ಲಿ ಆಗಲೇ ಕಾರು ಓಡುತ್ತಿತ್ತು.

"ಮೇಷ್ಟ್ರೇ, ಯಾವ ಗಾಡಿ?" ಅಂದೆ. ಹೇಳಿದರು. ಮೊದಲು ನೋಡಿದ ಮಾಡೆಲ್ 9 ಲಕ್ಷ 40 ಸಾವಿರ. ಆಮೇಲೆ ಸೇಲ್ಸ್ ಹುಡುಗ, "ಸಾರ್, ಇನ್ನು 90 ಸಾವಿರ ಹಾಕಿದರೆ ಸನ್‌ರೂಫ್, ಅಂದರೆ ಮೇಲ್ಛಾವಣಿಯಲ್ಲಿ ತೆರೆಯುವ ಗಾಜಿನ ಕಿಂಡಿ ಇರೋದು ಬರುತ್ತೆ. ಲೋನಿಗೆ ಸೇರಿಸಿದರೆ ದಿನಕ್ಕೆ ಬರೀ 50 ರೂಪಾಯಿ. ಎರಡು ಕಾಫಿ ದುಡ್ಡು" ಅಂದನಂತೆ. ಎರಡು ಕಾಫಿ! ಮೇಷ್ಟ್ರು ಒಪ್ಪಿಬಿಟ್ಟಿದ್ದರು.

ನಾನು ಪೆನ್ಸಿಲ್ ತೆಗೆದುಕೊಂಡೆ. ಸೇಲ್ಸ್ ಹುಡುಗ ಸುಳ್ಳು ಹೇಳಿರಲಿಲ್ಲ. 90 ಸಾವಿರಕ್ಕೆ ಶೇಕಡಾ ಒಂಬತ್ತೂವರೆ ಬಡ್ಡಿಯಲ್ಲಿ 7 ವರ್ಷಕ್ಕೆ ತಿಂಗಳ ಕಂತು 1,471 ರೂಪಾಯಿ. ದಿನಕ್ಕೆ ಹೆಚ್ಚುಕಡಿಮೆ 50. ಸರಿ. ಆದರೆ 84 ತಿಂಗಳು ಕಟ್ಟಿದರೆ 1 ಲಕ್ಷ 23 ಸಾವಿರ ಆಗುತ್ತದೆ. ಬಡ್ಡಿಯೇ 33 ಸಾವಿರ.

"ಅಷ್ಟೇನಾ ಸಾರ್?" ಅಂದರು ಮೇಷ್ಟ್ರು.

"ಅಷ್ಟೇ ಅಲ್ಲ, ಇರಿ. ಕಾರಿನ ಬೆಲೆ ಈಗ 10 ಲಕ್ಷ 30 ಸಾವಿರ ಆಯಿತು, ಅಲ್ವಾ? 10 ದಾಟಿತು. ಶೇಕಡಾ 14 ಇದ್ದ ತೆರಿಗೆ 17 ಆಯಿತು. ದಾಟಿದ 30 ಸಾವಿರಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ."

ಮೊದಲ ಮಾಡೆಲಿಗೆ ಸೆಸ್ ಸೇರಿ ತೆರಿಗೆ 1 ಲಕ್ಷ 46 ಸಾವಿರ. ಸನ್‌ರೂಫ್ ಮಾಡೆಲಿಗೆ 1 ಲಕ್ಷ 94 ಸಾವಿರ. ವ್ಯತ್ಯಾಸ 48 ಸಾವಿರ. ಅದನ್ನು ಕಂತಿನ 1 ಲಕ್ಷ 23 ಸಾವಿರಕ್ಕೆ ಕೂಡಿಸಿ ಮೇಷ್ಟ್ರ ಮುಂದೆ ತಳ್ಳಿದೆ. 1 ಲಕ್ಷ 71 ಸಾವಿರ ಚಿಲ್ಲರೆ. ಇದರ ಜೊತೆ 10 ಲಕ್ಷ ದಾಟಿದ ಕಾರಿಗೆ ಶೇಕಡಾ 1 ಟಿಸಿಎಸ್ ಅಂತ, ಅಂದರೆ ಮಾರುವವರೇ ವಸೂಲಿ ಮಾಡುವ ಮುಂಗಡ ಆದಾಯ ತೆರಿಗೆ ಅಂತ ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಅವತ್ತಿಗೆ ಕೈಯಿಂದ ಬಿಚ್ಚಬೇಕು.

ಮೇಷ್ಟ್ರು ಮಾತಾಡಲಿಲ್ಲ. ಮಾತಾಡಿದ್ದು ಅವರ ಹೆಂಡತಿ. "ಅಲ್ಲ ಸಾರ್, ನಮ್ಮ ಚಳ್ಳಕೆರೆ ಬಿಸಿಲಲ್ಲಿ ತಲೆ ಮೇಲೊಂದು ಸೂರಿದ್ದರೆ ಸಾಕು ಅಂತೀವಿ. ಆ ಸೂರಿಗೆ ತೂತು ಹಾಕಿಸೋಕೆ ಒಂದೂಮುಕ್ಕಾಲು ಲಕ್ಷ ಕೊಡಬೇಕಾ?"

ನನ್ನ ಸರ್ವೀಸಿನಲ್ಲಿ ಇಷ್ಟು ಚೆಂದವಾಗಿ ಸಾಲದ ಅರ್ಜಿ ಪರಿಶೀಲಿಸಿದವರನ್ನು ನಾನು ಕಂಡಿಲ್ಲ.

ಆಯಮ್ಮ ಅಲ್ಲಿಗೆ ಬಿಡಲಿಲ್ಲ. ಕೊಟೇಶನ್ ತಾವೇ ಎಳೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. "ಇದೇನು ಸಾರ್, ಎಸೆನ್ಷಿಯಲ್ ಕಿಟ್ಟು, 14,800?" ನಾನು ಶೋರೂಮಿಗೆ ಫೋನ್ ಮಾಡಿ ಕೇಳಿದೆ. ಕಾಲಡಿಯ ಮ್ಯಾಟು, ಮಡ್‌ಫ್ಲ್ಯಾಪು, ಹೊದಿಸುವ ಕವರು, ಸೆಂಟಿನ ಬಾಟಲಿ, ಡ್ಯಾಶ್‌ಬೋರ್ಡಿಗೆ ಅಂಟಿಸುವ ಗಣಪತಿ. "ಗಣಪತಿ ನಮ್ಮನೇಲಿ ಇದ್ದಾನೆ" ಅಂದರು. ಗೀಟು. "ಇದೇನು, ಹ್ಯಾಂಡ್ಲಿಂಗ್ ಚಾರ್ಜು, 6,500?" ಗಾಡಿಯನ್ನು ಅವರ ಯಾರ್ಡಿನಿಂದ ಅವರದೇ ಶೋರೂಮಿಗೆ ತಂದ ಖರ್ಚಂತೆ. ನಾನು ಫೋನಿನಲ್ಲಿ, "ಇದನ್ನು ಯಾವ ನಿಯಮದ ಪ್ರಕಾರ ಹಾಕಿದ್ದೀರಿ, ಒಂದು ಲೆಟರ್ ಕೊಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಾರ್, ನಿಮಗೋಸ್ಕರ ತೆಗೀತೀವಿ" ಅಂದರು. ನನಗೋಸ್ಕರ ಯಾಕೆ? ಕೇಳಿದವರಿಗೆಲ್ಲ ತೆಗೆಯುತ್ತಾರೆ, ಕೇಳದವರು ಕಟ್ಟುತ್ತಾರೆ. ಗೀಟು. ಟೆಫ್ಲಾನ್ ಕೋಟಿಂಗು, ಗೀಟು.

ಇನ್ಶೂರೆನ್ಸ್ ಸಾಲಿಗೆ ಬಂದಾಗ ಮೇಷ್ಟ್ರಿಗೂ ಹುರುಪು ಬಂತು. ಶೋರೂಮಿನ ಲೆಕ್ಕ 46 ಸಾವಿರ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ ಕೇಳುಗರೇ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೇಷ್ಟ್ರು ಬೇರೆ ಎರಡು ಕಡೆ ವಿಚಾರಿಸಿದರು. ಅದೇ ಐಡಿವಿ, ಅಂದರೆ ಗಾಡಿ ಪೂರ್ತಿ ಹಾಳಾದರೆ ಸಿಗುವ ಮೊತ್ತ; ಅದೇ ಜೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕೊಡುವ ಪರಿಹಾರ; ಎಲ್ಲ 34 ಸಾವಿರಕ್ಕೆ ಸಿಕ್ಕಿತು. ಶೋರೂಮಿನವರಿಗೆ ಆ ಕಾಗದ ತೋರಿಸಿದರೆ ಅವರೂ 35ಕ್ಕೆ ಇಳಿದರು. ಹಾಗಾದರೆ ಮೊದಲಿನ 11 ಸಾವಿರ ಯಾವುದರದ್ದು? ನೀವೇ ಯೋಚನೆ ಮಾಡಿ.

ಕೊನೆಗೆ ಸನ್‌ರೂಫ್ ಇಲ್ಲದ ಗಾಡಿಯೇ ಬಂತು. ಮಗ ಕೆಲವು ದಿನ ಅಪ್ಪನ ಹತ್ತಿರ ಮಾತು ಬಿಟ್ಟಿದ್ದನಂತೆ. ಈಗ ಅದೇ ಗಾಡಿಯಲ್ಲಿ ಡ್ರೈವಿಂಗ್ ಕಲಿತು ಗೇಟಿಗೆ ಒಂದು ಸಲ ಗುದ್ದಿಯೂ ಆಗಿದೆ.

ಅಯ್ಯೋ, ಈ ಕಥೆ ಹೇಳಲು ಹೊರಟರೆ ನನಗೆ ಹೊತ್ತೇ ತಿಳಿಯುವುದಿಲ್ಲ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಇನ್ನೆರಡು ವಿಷಯ ಬೇಗ ಬೇಗ ಹೇಳುತ್ತೇನೆ. ಪೆನ್ನು ಇದ್ದರೆ ತೆಗೆದುಕೊಳ್ಳಿ.

ಸಾಲದ ಅವಧಿ. 8 ಲಕ್ಷ ಸಾಲ, ಶೇಕಡಾ ಒಂಬತ್ತೂವರೆ ಬಡ್ಡಿ. 7 ವರ್ಷಕ್ಕಾದರೆ ಕಂತು 13 ಸಾವಿರ ಚಿಲ್ಲರೆ, 5 ವರ್ಷಕ್ಕಾದರೆ 16,800. ಹಗುರ ಅಂತ 7 ವರ್ಷ ಹಿಡಿಯುತ್ತೀರಿ. ಬಡ್ಡಿ ಎಷ್ಟು ಗೊತ್ತಾ? 7 ವರ್ಷಕ್ಕೆ 2 ಲಕ್ಷ 98 ಸಾವಿರ, 5 ವರ್ಷಕ್ಕೆ 2 ಲಕ್ಷ 8 ಸಾವಿರ. 90 ಸಾವಿರ ಸುಮ್ನೆ ಹೋಯಿತು. 5 ವರ್ಷದ ಕಂತು ಕಟ್ಟಲು ಆಗುವುದಿಲ್ಲ ಅಂದರೆ ಆ ಕಾರು ನಿಮಗೆ ದೊಡ್ಡದಾಯಿತು. ಇದನ್ನು ಬ್ಯಾಂಕಿನವರು ನಿಮಗೆ ಹೇಳುವುದಿಲ್ಲ. ನಾನು ನಿವೃತ್ತನಾದ್ದರಿಂದ ಹೇಳುತ್ತಿದ್ದೇನೆ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಕಾರು. ನಾಚಿಕೆ ಪಡಬೇಡಿ, ಒಳ್ಳೆ ಗಾಡಿಗಳಿವೆ. ನಮ್ಮ ರಾಜ್ಯದಲ್ಲೇ ನೋಂದಣಿಯಾದ ಕಾರಾದರೆ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ, ನೀವು ಮತ್ತೆ ಕಟ್ಟಬೇಕಿಲ್ಲ. ದೆಹಲಿ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ ಇಲ್ಲಿಯ ತೆರಿಗೆ ಬೇರೆ ಕಟ್ಟಬೇಕು, ಆಗ ಅಗ್ಗ ಎಲ್ಲಿ ಉಳಿಯಿತು? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ. ಇದ್ದರೆ ಸಾಲ ತೀರಿದ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ಇರುವ ಟ್ರಾಫಿಕ್ ದಂಡ ಎಷ್ಟಿದೆ ಅಂತಲೂ ನೋಡಿ, ಬೆಂಗಳೂರು ಗಾಡಿಯಾದರೆ ಖಂಡಿತ ನೋಡಿ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಹೇಳಬೇಕು ಅಂತ ಎರಡು ಪುಟ ಬರೆದುಕೊಂಡು ಬಂದಿದ್ದೆ. ಮೇಷ್ಟ್ರ ಮನೆಯವರು ಆ ಹೊತ್ತನ್ನು ತೆಗೆದುಕೊಂಡರು. ಆಕಾಶವಾಣಿಯವರು ಮತ್ತೆ ಕರೆದರೆ ಅದನ್ನು ಓದುತ್ತೇನೆ. ಅಲ್ಲಿಯವರೆಗೆ ಶೋರೂಮಿಗೆ ಹೋಗುವವರು ದಯವಿಟ್ಟು ಮನೆಯಲ್ಲಿ ಲೆಕ್ಕ ಕೇಳುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.