ಲುಬ್ಮಿನ್‌ನಲ್ಲಿ ನೆಲ ಮುಟ್ಟುವ ಕೊಳವೆ

ನಾನು ಈಗ ನಿಂತಿರುವುದು ಜರ್ಮನಿಯ ಬಾಲ್ಟಿಕ್ ಕರಾವಳಿಯಲ್ಲಿರುವ ಲುಬ್ಮಿನ್ ಎಂಬ ಪುಟ್ಟ ಊರಿನ ಕಡಲತೀರದಲ್ಲಿ. ಮರಳು, ಪೈನ್ ಮರಗಳ ಸಾಲು, ನಾಯಿಯನ್ನು ಓಡಾಡಿಸುತ್ತಿರುವ ಒಬ್ಬ ಅಜ್ಜ. ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಆದರೆ ರಷ್ಯಾದ ವೈಬೋರ್ಗ್ ಬಳಿಯಿಂದ ಸಮುದ್ರದ ತಳದಲ್ಲಿ 1,224 ಕಿಲೋಮೀಟರ್ ಸಾಗಿಬಂದ, ರಷ್ಯಾದ ನೈಸರ್ಗಿಕ ಅನಿಲ ತರುವ ನಾರ್ಡ್ ಸ್ಟ್ರೀಮ್ ಕೊಳವೆಗಳು ನೆಲ ಮುಟ್ಟುವುದು ಇದೇ ಊರಿನಲ್ಲಿ.

ಅನಿಲವನ್ನು ಅಸ್ತ್ರ ಮಾಡಿಕೊಳ್ಳುವವರು ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. 2006ರ ಜನವರಿ 1ರಂದು ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರಾಮ್ ಉಕ್ರೇನಿಗೆ ಅನಿಲ ನಿಲ್ಲಿಸಿದಾಗ ಕೊಟ್ಟ ಕಾರಣ ದರದ್ದು. 2009ರ ಜನವರಿಯಲ್ಲಿ ಬಾಕಿ ಹಣದ್ದು. ಎರಡನೆಯ ಜಗಳದಲ್ಲಿ ಉಕ್ರೇನಿನ ಮೂಲಕ ಹಾದುಹೋಗುವ ಅನಿಲವೂ ಸುಮಾರು ಎರಡು ವಾರ ನಿಂತು, ಜಗಳಕ್ಕೆ ಸಂಬಂಧವೇ ಇಲ್ಲದ ಬಲ್ಗೇರಿಯಾದ ಮನೆಗಳು ನಡುಚಳಿಗಾಲದಲ್ಲಿ ತಣ್ಣಗಾದವು. ಮರುವರ್ಷ ಈ ಕೊಳವೆಯ ಕೆಲಸ ಶುರುವಾಗಿ, 2011ರಲ್ಲಿ ಇದರಲ್ಲಿ ಅನಿಲ ಹರಿಯಿತು. ಜರ್ಮನಿ ತಪ್ಪಿಸಿಕೊಳ್ಳಲು ನೋಡಿದ್ದು ನಡುದಾರಿಯ ಉಕ್ರೇನನ್ನೇ ಹೊರತು ಮಾರುವವನನ್ನಲ್ಲ.

ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಏಪ್ರಿಲ್‌ನಲ್ಲಿ, ರೂಬಲ್‌ನಲ್ಲಿ ಹಣ ಕೊಡಲೊಪ್ಪದ ಪೋಲೆಂಡ್ ಮತ್ತು ಬಲ್ಗೇರಿಯಾಗಳಿಗೆ ಅನಿಲ ನಿಂತಿತು. ಜರ್ಮನಿಯ ಸರದಿ ಬಂದಾಗ ನೆಪವಾದದ್ದು ಕೊಳವೆಗೆ ಅನಿಲವನ್ನು ಒತ್ತಿ ತಳ್ಳಲು ಬೇಕಾದ ಯಂತ್ರ, ಒಂದು ಟರ್ಬೈನು. ದುರಸ್ತಿಗೆಂದು ಕೆನಡಾಕ್ಕೆ ಹೋಗಿದ್ದ ಅದು ಸಮಯಕ್ಕೆ ಮರಳಲಿಲ್ಲವೆಂದು ಜೂನ್‌ನಲ್ಲಿ ಹರಿವು ಶೇ. 40ಕ್ಕೆ ಇಳಿಯಿತು, ಜುಲೈ ಕೊನೆಗೆ ಶೇ. 20 ಆಯಿತು. ಆಗಸ್ಟ್ 3ರಂದು ಚಾನ್ಸೆಲರ್ ಓಲಾಫ್ ಶೋಲ್ಜ್ ಮ್ಯುಲ್‌ಹೈಮ್‌ನ ಕಾರ್ಖಾನೆಗೆ ಹೋಗಿ, ಅಷ್ಟರಲ್ಲಿ ಕೆನಡಾದಿಂದ ಜರ್ಮನಿಗೆ ಬಂದಿದ್ದ ಅದೇ ಯಂತ್ರದ ಪಕ್ಕದಲ್ಲಿ ನಿಂತು, ಇದನ್ನು ಒಯ್ಯಲು ಯಾವ ಅಡ್ಡಿಯೂ ಇಲ್ಲವೆಂದು ಹೇಳಬೇಕಾಯಿತು. ಸರ್ಕಾರದ ಮುಖ್ಯಸ್ಥರೊಬ್ಬರು ಯಂತ್ರವೊಂದರ ಪರವಾಗಿ ಸಾಕ್ಷಿ ನುಡಿದ ಆ ಚಿತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ತಿಂಗಳ ಕೊನೆಗೆ ಹರಿವು ಪೂರ್ತಿ ನಿಂತಿತು. ಸೆಪ್ಟೆಂಬರ್ 26ರಂದು ಸ್ಫೋಟಗಳಿಂದ ಕೊಳವೆಗಳೇ ಒಡೆದವು.

ಆ ಚಳಿಗಾಲ ಜರ್ಮನಿಯ ಸರ್ಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡುವಂತಿರಲಿಲ್ಲ. ಕೈಯಲ್ಲಿ ದುಡ್ಡಿದ್ದ ಯುರೋಪು ಹಡಗಿನಲ್ಲಿ ಬರುವ ದ್ರವೀಕೃತ ಅನಿಲವನ್ನು ಕೇಳಿದ ಬೆಲೆಗೆ ಕೊಂಡು ಸುಧಾರಿಸಿಕೊಂಡಿತು. ಪೆಟ್ಟು ಬಿದ್ದದ್ದು ಬೇರೆ ಕಡೆಗೂ. ಭಾರತದ ಸರ್ಕಾರಿ ಅನಿಲ ಕಂಪನಿಯಾದ ನಮ್ಮ ಗೇಲ್ ಸಂಸ್ಥೆಯ ದೀರ್ಘಾವಧಿ ಒಪ್ಪಂದವಿದ್ದದ್ದು ಗಾಜ್‌ಪ್ರಾಮ್‌ನ ಸಿಂಗಪುರ ಘಟಕದೊಂದಿಗೆ. ಆ ಘಟಕ ಇದ್ದದ್ದು ಗಾಜ್‌ಪ್ರಾಮ್‌ನದೇ ಜರ್ಮನ್ ಅಂಗಸಂಸ್ಥೆಯ ಅಧೀನದಲ್ಲಿ. ಜರ್ಮನಿ ಅಂಗಸಂಸ್ಥೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ಮಾಸ್ಕೋ ಅದರ ಮೇಲೆ ನಿರ್ಬಂಧ ಹೇರಿತು, ಗೇಲ್‌ಗೆ ಬರಬೇಕಿದ್ದ ಹಡಗುಗಳು ಬರಲಿಲ್ಲ, ಭಾರತದ ರಸಗೊಬ್ಬರ ಕಾರ್ಖಾನೆಗಳಿಗೆ ಹೋಗುವ ಅನಿಲಕ್ಕೆ ಕತ್ತರಿ ಬಿತ್ತು.